ಗಂಟು ಹೆಗಲಿನಲ್ಲೋ, ಹೊರೆಯಲ್ಲೋ

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಉಗಾರ ಖುರ್ದದ ಸುತ್ತಿನ ಕೃಷ್ಣಾ ತೀರದ ಹೊಲಗಳಲ್ಲಿ ಕಡಿಯುವ ಗ್ಯಾಂಗಿನವರ ಕುತ್ತಿಗೆ-ಹೆಗಲುಗಳಿಗೆ ಬಿಡುವಿಲ್ಲ. ಬಗ್ಗಿ ಕಡಿಯಬೇಕು, ಕಟ್ಟಬೇಕು, ತಲೆಯ ಮೇಲೆ ಸಿಂಬಿ ಇಟ್ಟು ಹೊರೆ ಹೊತ್ತು, ಓರೆಯಾಗಿ ನಿಲ್ಲಿಸಿದ ಹಲಗೆ ಹತ್ತಿ ಟ್ರೇಲರಿಗೆ ಒಟ್ಟಬೇಕು. 1939ರಲ್ಲಿ ಸ್ಥಾಪನೆಯಾದ ಉಗಾರದ ಸಕ್ಕರೆ ಕಂಪನಿಯ ಹಿಂದೆ ಇಂಥ ಹೆಗಲುಗಳ ಹಲವು ತಲೆಮಾರುಗಳಿವೆ. ಸಂಜೆ ‘ಹೆಗಲು ಹಿಡಕೊಂಡದ, ಸ್ವಲ್ಪ ತಿಕ್ಕು’ ಎಂದಾಗ ತಿಕ್ಕುವವರ ಹೆಬ್ಬೆರಳು ಕುತ್ತಿಗೆಗೂ ಭುಜಕ್ಕೂ ನಡುವಿನ ದಪ್ಪ ಸ್ನಾಯುವಿನಲ್ಲಿ ಒಂದು ಗಟ್ಟಿ ಎಳೆಯನ್ನು ಹುಡುಕುತ್ತದೆ. ಅದನ್ನು ಒತ್ತಿದರೆ ಚಳಕು ಕಿವಿಯ ಹಿಂದಿನಿಂದ ಕಪಾಲದವರೆಗೆ ಏರುತ್ತದೆ. ಒತ್ತಿ ಹಿಡಿದರೆ ನಿಧಾನಕ್ಕೆ ಇಳಿಯುತ್ತದೆ. ತಾಲೀಮಿನ ಮಾಲೀಸಿನವರಿಗೂ ಮಿರಜ, ಬೆಳಗಾವಿಯ ಫಿಜಿಯೋಥೆರಪಿ ಕೋಣೆಗಳಿಗೂ ಈ ಜಾಗ ಚೆನ್ನಾಗಿ ಪರಿಚಿತ. ಕೈಯಿಂದ ಸಿಗುವ ಸುಖ ನಿಜವೋ ಸುಳ್ಳೋ ಎಂಬುದು ಇಲ್ಲಿನ ಪ್ರಶ್ನೆಯಲ್ಲ, ಅದು ನಿಜವೇ. ಆ ಸುಖವನ್ನು ವಿವರಿಸಲು ನಾವು ಹೇಳಿಕೊಳ್ಳುವ, ಆ ಗಟ್ಟಿ ಎಳೆಯೇ ‘ಗಂಟು’, ಒತ್ತಿದರೆ ಅದು ಕರಗುತ್ತದೆ ಎಂಬ ಕಥೆಯನ್ನು ಎಷ್ಟು ನಂಬಬೇಕು ಎಂಬುದು ಪ್ರಶ್ನೆ.

ಆ ಕಥೆಗೆ ಗೌರವದ ಇತಿಹಾಸವಿದೆ. 1938ರ ಹೊತ್ತಿಗೆ ಲಂಡನ್ನಿನಲ್ಲಿ ಕೆಲ್‌ಗ್ರೆನ್ ಎಂಬ ವೈದ್ಯ ಸ್ನಾಯುಗಳಿಗೆ ಗಾಢ ಉಪ್ಪುನೀರು ಚುಚ್ಚಿ, ಒಂದು ಕಡೆಯ ಪೆಟ್ಟು ಮತ್ತೊಂದು ಕಡೆ ನೋವಾಗಿ ಕಾಣುವುದನ್ನು ತೋರಿಸಿದ. ಅಮೆರಿಕದ ಅಧ್ಯಕ್ಷ ಕೆನಡಿಯ ವೈದ್ಯೆಯಾಗಿದ್ದ ಜಾನೆಟ್ ಟ್ರಾವೆಲ್, ಡೇವಿಡ್ ಸೈಮನ್ಸ್ ಜೊತೆ 1983ರಲ್ಲಿ ಪ್ರಕಟಿಸಿದ ಕೈಪಿಡಿ ಇಂಥ ಗಂಟುಗಳ, ಅಂದರೆ ‘ಟ್ರಿಗರ್ ಪಾಯಿಂಟು’ಗಳ ನಕ್ಷೆಯನ್ನೇ ಬರೆಯಿತು. ಮುಂದೆ ಅಂಥ ಬಿಂದುಗಳಿಗೆ ಸಣ್ಣ ಸೂಜಿ ಇಳಿಸಿ ನೋಡಿದಾಗ ನೋವು ಹುಟ್ಟಿಸುವ ರಾಸಾಯನಿಕಗಳು ಹೆಚ್ಚಾಗಿಯೂ, ಸುತ್ತಲ ದ್ರವ ಹೆಚ್ಚು ಆಮ್ಲೀಯವಾಗಿಯೂ ಕಂಡವು. ಆದರೆ ಇನ್ನೊಂದು ಬದಿಯೂ ಇದೆ. ಒಬ್ಬನೇ ರೋಗಿಯ ಬೆನ್ನಿನಲ್ಲಿ ಇಬ್ಬರು ತಜ್ಞರು ಬೇರೆ ಬೇರೆಯಾಗಿ ಹುಡುಕಿದರೆ ಅವರ ಬೆರಳುಗಳು ಅದೇ ಜಾಗದಲ್ಲಿ ನಿಲ್ಲುತ್ತವೆಂಬ ಖಾತ್ರಿಯಿಲ್ಲ. ಪರೀಕ್ಷಿಸಿದವರು ಈ ಹೊಂದಾಣಿಕೆ ದುರ್ಬಲವೆಂದೇ ಹೇಳಿದ್ದಾರೆ. 2015ರಲ್ಲಿ ಕ್ವಿಂಟ್ನರ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋಗಿ, ಗಂಟಿನ ಸಿದ್ಧಾಂತವೇ ನಿಲ್ಲದು, ನೋವಿನ ಮೂಲವನ್ನು ನರಗಳಲ್ಲಿ ಹುಡುಕಿ ಎಂದು ವಾದಿಸಿದರು. ಒತ್ತಿದ ಮೇಲೆ ನೋವು ಇಳಿಯುವುದಕ್ಕೆ ಗಂಟು ಕರಗಲೇಬೇಕೆಂದೇನಿಲ್ಲ. ಒತ್ತಡದ ಸುದ್ದಿ ತಲುಪಿದಾಗ ಮಿದುಳು ಮತ್ತು ಬೆನ್ನುಹುರಿ ನೋವಿನ ದನಿಯನ್ನು ತಗ್ಗಿಸಬಲ್ಲವು. ಅದರಿಂದಲೇ ಇರಬೇಕು, ಉಪಶಮನ ಎದ್ದು ಕಾಣುವುದು ಕೆಲ ಗಂಟೆ, ಕೆಲ ದಿನ.

‘ನೋವು ಹೋದರೆ ಸಾಕು, ಕಾರಣ ಯಾರಿಗೆ ಬೇಕು?’ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ; ದಣಿದ ಮೈಗೆ ಒಂದು ರಾತ್ರಿಯ ನಿದ್ದೆ ಸಣ್ಣ ಲಾಭವಲ್ಲ. ಆದರೆ ಮುಂದೆ ಏನು ಮಾಡಬೇಕೆಂದು ನಿರ್ಧರಿಸುವುದು ಕಾರಣವೇ. ಎಲ್ಲವೂ ಗಂಟೇ ಎಂದು ನಂಬಿದವನಿಗೆ ಎಡಭುಜದ ನೋವಿನ ಹಿಂದೆ ಹೃದಯವಿರಬಹುದು, ತೋಳಿನ ಜೋಮಿನ ಹಿಂದೆ ಕುತ್ತಿಗೆಯಲ್ಲಿ ಅದುಮಿದ ನರವಿರಬಹುದು ಎಂಬುದು ಹೊಳೆಯುವುದೇ ಇಲ್ಲ. ಗಂಟು ಬಿಡದಿದ್ದರೆ ಇನ್ನೂ ಜೋರಾಗಿ ಒತ್ತು, ಇಲ್ಲವೆ ಕುತ್ತಿಗೆಯನ್ನು ‘ಚಟ್’ ಎನ್ನಿಸು ಎಂಬುದೂ ಅದೇ ನಂಬಿಕೆಯ ಕೂಸು. ಹೆಬ್ಬೆರಳಿನ ಹದವಾದ ಒತ್ತಡ ಬೇರೆ, ಕ್ಷೌರದಂಗಡಿಯಲ್ಲಿ ತಲೆ ಹಿಡಿದು ತಟ್ಟನೆ ತಿರುಚುವುದು ಬೇರೆ. ಎರಡನೆಯದು ಅಪರೂಪಕ್ಕಾದರೂ ಮಿದುಳಿಗೆ ರಕ್ತ ಒಯ್ಯುವ ನಾಳವನ್ನು ಸೀಳಿದ್ದುಂಟು.

ಗಂಟಿನ ಕಥೆಯ ಮೇಲೆ ನನ್ನ ದೊಡ್ಡ ತಕರಾರು ಇದಲ್ಲ. ಅದು ಹೆಗಲನ್ನು ಹೊರೆಯಿಂದ ಬೇರೆ ಮಾಡಿಬಿಡುತ್ತದೆ. ತಪ್ಪು ಸ್ನಾಯುವಿನದು, ಕೆಲಸದ್ದಲ್ಲ ಎಂದಾಗುತ್ತದೆ. ಡೆನ್ಮಾರ್ಕಿನಲ್ಲಿ ಇದೇ ಸ್ನಾಯುವಿನ ನೋವಿದ್ದ ದುಡಿಯುವ ಹೆಂಗಸರಿಗೆ ವಾರಕ್ಕೆ 3 ಸಲ, 20 ನಿಮಿಷದಂತೆ 10 ವಾರ ತೂಕ ಎತ್ತುವ ವ್ಯಾಯಾಮ ಮಾಡಿಸಿದಾಗ ನೋವು ಬಹಳಷ್ಟು ತಗ್ಗಿದ್ದನ್ನು 2008ರ ಅಧ್ಯಯನವೊಂದು ಹೇಳುತ್ತದೆ. ಹಾಗಾದರೆ ದಿನವಿಡೀ ತೂಕ ಹೊರುವ ಕಬ್ಬಿನವರಿಗೆ ನೋವೇ ಇರಬಾರದಲ್ಲ ಎಂದು ಯಾರಾದರೂ ಕೇಳಿಯಾರು. ವ್ಯಾಯಾಮದ ತೂಕ ಅಳತೆಯದು, ನಡುವೆ ಚೇತರಿಕೆಯ ದಿನವಿರುತ್ತದೆ. ಹೊರೆಗೆ ಅಳತೆಯೂ ಇಲ್ಲ, ಮರುದಿನದ ರಜೆಯೂ ಇಲ್ಲ. ಒಂದೇ ಸ್ನಾಯುವನ್ನು ಗಟ್ಟಿಮಾಡುವುದೂ ದಣಿಸುವುದೂ ಈ ವ್ಯತ್ಯಾಸವೇ.

‘ಹೊರೆ ಇಳಿಸಲಾಗದವನಿಗೆ ಈ ಉಪದೇಶ ಯಾಕೆ, ತಿಕ್ಕಿ ಕಳಿಸಿ’ ಎಂಬ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ತಿಕ್ಕುವುದನ್ನು ನಿಲ್ಲಿಸಿ ಎಂದು ನಾನೂ ಹೇಳುತ್ತಿಲ್ಲ. ಆದರೆ ಹೊರೆ ದೊಡ್ಡದಾಗುವುದು ಹೊರುವವನ ಚಟದಿಂದಲ್ಲ, ಕೂಲಿ ಟನ್ನಿನ ಲೆಕ್ಕದಲ್ಲಿ ಸಿಗುವುದರಿಂದ. ಸುತ್ತು ಕಡಿಮೆ ಮಾಡಲು ಹೊರೆ ಹಿಗ್ಗುತ್ತದೆ. ಆದ್ದರಿಂದ ನೋವು ಎಲ್ಲಿ ಎಂದು ಬರೆದುಕೊಳ್ಳುವ ಕೇಸ್ ಪೇಪರಿನಲ್ಲೇ ಹೊರೆ ಎಷ್ಟು ಕಿಲೋ, ಹಲಗೆ ಎಷ್ಟು ಎತ್ತರ, ದಿನಕ್ಕೆ ಎಷ್ಟು ಸುತ್ತು, ಟನ್ನಿಗೆ ಎಷ್ಟು ಕೂಲಿ ಎಂಬ ನಾಲ್ಕು ಸಾಲುಗಳಿಗೂ ಜಾಗ ಬಿಡಬೇಕು.