ಸಲಹೆಗಾರರ ಎರಡು ಮನೆ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಅಧ್ಯಾಪಕನಿಗೆ ಪತ್ರಿಕೆ ಓದಲು ಬಿಡುವು ಹೇರಳ. ಓದಿದ್ದಕ್ಕೆ ವ್ಯಾಖ್ಯಾನ ಮಾಡುವ ಸಹಪ್ರಯಾಣಿಕರೂ ಹೇರಳ. ಮೊನ್ನೆ ಪಕ್ಕದಲ್ಲಿ ಕುಳಿತವರು ತೆರಕಣಾಂಬಿಯ ಕಡೆಯ ಒಬ್ಬ ನಿವೃತ್ತ ಹವಾಲ್ದಾರರು. ರಕ್ಷಣಾ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ನಿವೃತ್ತರಾಗಿ ಖಾಸಗಿ ಕಂಪನಿಯ ಸಲಹೆಗಾರರಾದ ಸುದ್ದಿಯನ್ನು ನನ್ನ ಭುಜದ ಮೇಲಿಂದಲೇ ಓದಿ ಮುಗಿಸಿ, “ಅಲ್ಲ ಮೇಷ್ಟ್ರೆ, ನಿನ್ನೆಯವರೆಗೆ ಕೊಳ್ಳುವವರ ಕಡೆ ಕೂತಿದ್ದೋರು ಇವತ್ತು ಮಾರುವವರ ಕಡೆ ಕೂತರೆ ಅದು ಸರಿಯೆ?” ಎಂದರು.

ಕನ್ನಡ ಎಂ.ಎ. ಮಾಡಿದವನ ಮನಸ್ಸು ಇಂಥ ಪ್ರಶ್ನೆಗೆ ಹಿಂದಿನ ಕಾಲದತ್ತ ಓಡುವುದು ಸಹಜ. ಗುಂಡ್ಲುಪೇಟೆಯ ಬಳಿಯ ಹಂಗಳದಲ್ಲಿಯೇ ಅಲ್ಲವೆ, ಪಟ್ಟಕ್ಕೆ ಬರುವ ಮುನ್ನ ಚಿಕ್ಕದೇವರಾಜ ಒಡೆಯರು ದಿನಗಳೆದದ್ದು? ಯಳಂದೂರಿನ ವಿಶಾಲಾಕ್ಷ ಪಂಡಿತರು ಅವರ ಆಪ್ತರು, ಮುಂದೆ ಪ್ರಧಾನಿ. ಅವರ ತರುವಾಯ ತಿರುಮಲಾರ್ಯರು, ಕವಿಯೂ ಹೌದು, ಮಂತ್ರಿಯೂ ಹೌದು. ಇವರಿಗೆಲ್ಲ ಇದ್ದುದು ಒಂದೇ ಮನೆ, ಅರಮನೆ. ಅದರ ರಹಸ್ಯವನ್ನು ಹೊತ್ತು ಹೊರಡುವವನಿಗೆ ಹೋಗಲು ಇದ್ದದ್ದು ಶತ್ರುವಿನ ಮನೆ, ಹೋದವನು ದ್ರೋಹಿ. ನಡುವೆ ಕಂಪನಿ ಎಂಬ ಮನೆಯೊಂದಿರಲಿಲ್ಲ.

ಆ ಮನೆ ನಮ್ಮಲ್ಲಿ ತೆರೆದು, ಮುಚ್ಚಿ, ಮತ್ತೆ ತೆರೆದದ್ದು. ೧೯೪೦ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಯುದ್ಧ ಹತ್ತಿರವಾದಂತೆ, ೧೯೪೨ರಲ್ಲಿ, ಅದರ ಆಡಳಿತವನ್ನು ಭಾರತ ಸರ್ಕಾರ ವಹಿಸಿಕೊಂಡಿತು. ಸ್ವಾತಂತ್ರ್ಯಾನಂತರ, ೧೯೪೮ರ ಮತ್ತು ೧೯೫೬ರ ಕೈಗಾರಿಕಾ ನೀತಿಗಳು ಶಸ್ತ್ರಾಸ್ತ್ರ ತಯಾರಿಕೆಯನ್ನು ಸರ್ಕಾರಕ್ಕೇ ಮೀಸಲಿಟ್ಟವು. ಖಾಸಗಿಯವರಿಗೆ ಬಾಗಿಲು ತೆರೆದದ್ದು ೨೦೦೧ರಲ್ಲಿ. ಹವಾಲ್ದಾರರ ಪ್ರಶ್ನೆ ಅಷ್ಟು ಹೊಸದು.

ನನಗೆ ನೆನಪಾದವರು ಡಾ. ವಿ. ಎಸ್. ಅರುಣಾಚಲಂ. ೧೯೩೫ರಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ಮುಂದೆ ವೇಲ್ಸಿನಲ್ಲಿ ಡಾಕ್ಟರೇಟ್ ಪಡೆದ ಲೋಹವಿಜ್ಞಾನಿ. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯದ ನಿರ್ದೇಶಕರಾಗಿದ್ದವರು ೧೯೮೨ರಿಂದ ೧೯೯೨ರವರೆಗೆ ರಕ್ಷಣಾ ಮಂತ್ರಿಗಳ ವೈಜ್ಞಾನಿಕ ಸಲಹೆಗಾರರು. ಆ ಹತ್ತು ವರ್ಷಗಳಲ್ಲಿ ದೇಶ ಐವರು ಪ್ರಧಾನಿಗಳನ್ನು ಕಂಡಿತು; ಸಲಹೆಗಾರರು ಮಾತ್ರ ಒಬ್ಬರೇ!

೧೯೮೩ರ ಕ್ಷಿಪಣಿ ಯೋಜನೆಯ ಕಥೆ ಅಬ್ದುಲ್ ಕಲಾಂ ಅವರ ಆತ್ಮಕಥೆಯನ್ನು ಓದಿದವರಿಗೆ ಗೊತ್ತು. ಒಂದಾದ ಮೇಲೊಂದರಂತೆ ಕ್ಷಿಪಣಿಗಳನ್ನು ಮಾಡುವ ಪ್ರಸ್ತಾವ ಹಿಡಿದು ಇಬ್ಬರೂ ರಕ್ಷಣಾ ಮಂತ್ರಿ ಆರ್. ವೆಂಕಟರಾಮನ್ ಅವರೆದುರು ನಿಂತರು. ಮಂತ್ರಿಗಳೋ, ಎಲ್ಲವನ್ನೂ ಒಟ್ಟಿಗೇ ಏಕೆ ಮಾಡಬಾರದು ಎಂದರು. ರಾತ್ರಿಯೆಲ್ಲ ಕುಳಿತು ಇಬ್ಬರೂ ಲೆಕ್ಕ ತಿದ್ದಿದರು. ಮಂಜೂರಾದದ್ದು ೩೮೮ ಕೋಟಿ ರೂಪಾಯಿ. ಹೆಸರಿಸಿದ್ದು ಐದು ಕ್ಷಿಪಣಿಗಳನ್ನು. ಪೃಥ್ವಿ ೧೯೮೮ರಲ್ಲಿ, ಅಗ್ನಿ ೧೯೮೯ರಲ್ಲಿ ಹಾರಿದವು. ನಾಗ್ ಬಹಳ ಕಾಲ ಕಾಯಿಸಿತು. ತ್ರಿಶೂಲ ಕೊನೆಗೂ ಸೇನೆಯನ್ನು ಸೇರಲಿಲ್ಲ. ಒಂದು ರಾತ್ರಿಯ ಲೆಕ್ಕ ಅಷ್ಟು ದೂರ ನಡೆದದ್ದೇ ಹೆಚ್ಚು ಎನ್ನಬೇಕು. ಈ ಕೆಲಸಕ್ಕೆ ಸರ್ಕಾರಿ ಪ್ರಯೋಗಾಲಯಗಳಷ್ಟೇ ಸಾಲದೆ ವಿಶ್ವವಿದ್ಯಾನಿಲಯಗಳನ್ನೂ ಖಾಸಗಿ ಕಾರ್ಖಾನೆಗಳನ್ನೂ ಕರೆಯಬೇಕಾಯಿತು. ಎರಡು ಮನೆಗಳ ನಡುವಣ ಗೋಡೆಯಲ್ಲಿ ಸರ್ಕಾರವೇ ಕಿಂಡಿ ಕೊರೆಯಿತು.

ಹುದ್ದೆ ಬಿಟ್ಟ ಮೇಲೆ ಅರುಣಾಚಲಂ ಅಮೆರಿಕೆಯ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ೨೦೦೫ರಲ್ಲಿ ಬೆಂಗಳೂರಿನಲ್ಲಿ ವಿಜ್ಞಾನ, ತಂತ್ರಜ್ಞಾನ ಹಾಗೂ ನೀತಿಯ ಅಧ್ಯಯನಕ್ಕೆಂದು ಲಾಭದಾಸೆಯಿಲ್ಲದ ಖಾಸಗಿ ಸಂಸ್ಥೆಯನ್ನು ಕಟ್ಟಿದರು. ಕ್ಷಿಪಣಿಯ ಲೆಕ್ಕ ಹಾಕಿದ ಕೈ ವಿದ್ಯುತ್ತಿನ, ಇಂಧನದ ಲೆಕ್ಕಕ್ಕೆ ತಿರುಗಿತು. ೨೦೨೩ರಲ್ಲಿ ತೀರಿಕೊಂಡರು.

ಇದನ್ನೆಲ್ಲ ಕೇಳಿ ಹವಾಲ್ದಾರರು ಒಪ್ಪಲಿಲ್ಲ. “ಅವರು ಪಾಠ ಹೇಳೋಕೆ ಹೋದರು. ನಾನು ಕೇಳಿದ್ದು ಸಾಮಾನು ಮಾರುವವರ ಮಾತು” ಎಂದರು. ನ್ಯಾಯವಾದ ತಕರಾರು. ನಾನು ನಿಯಮ ಹೇಳಿದೆ: ಕೇಂದ್ರ ಸರ್ಕಾರದ ಎ ದರ್ಜೆಯ ನಾಗರಿಕ ಅಧಿಕಾರಿ ನಿವೃತ್ತಿಯ ನಂತರ ಒಂದು ವರ್ಷದೊಳಗೆ ಕಂಪನಿಯ ಕೆಲಸ ಹಿಡಿಯಬೇಕಾದರೆ ಸರ್ಕಾರದ ಅನುಮತಿ ಬೇಕು, ಹಿಂದೆ ಈ ಅವಧಿ ಎರಡು ವರ್ಷವಿತ್ತು. ಅನುಭವವೆಂಬುದು ಅಧಿಕಾರಿಯ ಸ್ವಂತ ಆಸ್ತಿ, ಅದನ್ನು ಮನೆಯಲ್ಲಿ ಕೊಳೆಯಿಸುವುದು ದೇಶಕ್ಕೂ ನಷ್ಟವೆಂದು ನನ್ನ ಅಭಿಪ್ರಾಯ. ಆದರೆ ಯಾವ ಟೆಂಡರಿನಲ್ಲಿ ಯಾರು ಎಷ್ಟು ಹೇಳಿದ್ದರು, ಸೇನೆಗೆ ಮುಂದೇನು ಬೇಕಾಗಿದೆ ಎಂಬುದು ಅನುಭವವಲ್ಲ. ಅದು ಅರಮನೆಯ ಗುಟ್ಟು. ಎರಡೂ ಒಂದೇ ತಲೆಯಲ್ಲಿವೆ ಎಂಬುದೇ ತೊಡಕು.

ತೆರಕಣಾಂಬಿ ಬಂತು. ಹವಾಲ್ದಾರರು ಚೀಲ ಹೆಗಲಿಗೇರಿಸಿ ಎದ್ದು, “ನಾನು ರಿಟೈರಾಗಿ ಇಪ್ಪತ್ತಾರು ವರ್ಷ ಆಯ್ತು. ನನ್ನ ಬಂದೂಕಿನ ನಂಬರು ಈಗಲೂ ಹೇಳ್ತೀನಿ, ಬರ್ಕೊಳ್ಳಿ ಬೇಕಾದರೆ” ಎಂದರು. ನಾನು ಬರೆದುಕೊಳ್ಳಲಿಲ್ಲ.