ಏರಿದ್ದು ಚೀಲವೋ, ಬೆಲೆಯೋ?

ವಾಡಿಯ ಸಿಮೆಂಟು ಕಾರ್ಮಿಕನ ಮಗಳು, ಶಹಾಬಾದಿನ ಫರಸಿ ಖಣಿಯಲ್ಲಿ ದುಡಿಯುವವನ ಮಗ, ಸೇಡಂ ಪೇಟೆಯ ಕಿರಾಣಿ ವ್ಯಾಪಾರಿಯ ಮಗ - ಇವರು ಬಿ.ಕಾಂ. ಮುಗಿಸಿ ಎಂ.ಬಿ.ಎ. ಓದಬೇಕೆಂದರೆ ರಾಜ್ಯದ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿ.ಜಿ.ಸಿ.ಇ.ಟಿ. ಎಂಬ ಹೊಸ್ತಿಲನ್ನು ದಾಟಬೇಕು. ಸಂವಿಧಾನದ 371ಜೆ ವಿಧಿಯ ಫಲವಾಗಿ ನಮ್ಮ ಭಾಗದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70 ಸ್ಥಾನಗಳು ನಮ್ಮವರಿಗೆ ಮೀಸಲಾಗಿರುವುದು ನಿಜ. ಆದರೆ ಆ ಸ್ಥಾನಕ್ಕೂ ಪರೀಕ್ಷೆಯ ಅಂಕ ಬೇಕು. ಲೆಕ್ಕಪತ್ರದಲ್ಲಿ ಯಾರಿಗೂ ಸೋಲದ ಹುಡುಗ ಇಂಗ್ಲೀಷು ವ್ಯಾಕರಣದ ಪ್ರಶ್ನೆ ಕಂಡೊಡನೆ ಕೈಚೆಲ್ಲುತ್ತಾನೆ. ಅದು ಕಬ್ಬಿಣದ ಕಡಲೆ ಎಂದು ಅವನಿಗೆ ಮೊದಲೇ ಹೇಳಿಟ್ಟವರು ಯಾರು?

ವ್ಯಾಕರಣ ನಮ್ಮ ನೆಲಕ್ಕೆ ಪರಕೀಯವಲ್ಲ. ಇದೇ ಸೇಡಂ ತಾಲೂಕಿನ ಮಳಖೇಡದಲ್ಲಿ, ನೃಪತುಂಗನ ಆಸ್ಥಾನದಲ್ಲಿ, 9ನೇ ಶತಮಾನದಲ್ಲಿ 'ಕವಿರಾಜಮಾರ್ಗ' ಹುಟ್ಟಿತು. ಅದರ ಮೊದಲ ಪರಿಚ್ಛೇದದ ವಿಷಯವೇ ಮಾತಿನಲ್ಲಿ ದೋಷ ಯಾವುದು, ದೋಷವಲ್ಲದ್ದು ಯಾವುದು ಎಂಬುದು. ಇಂದಿನ ಪರೀಕ್ಷೆ ಕೇಳುವುದೂ ಹೆಚ್ಚುಕಡಿಮೆ ಅದನ್ನೇ.

"ತೊಗರಿ ಚೀಲಗಳ ಬೆಲೆ ಏರಿವೆ" ಎಂದು ಯಾರಾದರೂ ಬರೆದರೆ ಅಡತಿ ಅಂಗಡಿಯ ಗುಮಾಸ್ತನೂ ಕೇಳಬಲ್ಲ: ಏರಿದ್ದು ಚೀಲವೋ, ಬೆಲೆಯೋ? ಬೆಲೆ ಒಂದೇ, ಆದ್ದರಿಂದ "ಏರಿದೆ". "ದಿ ಪ್ರೈಸ್ ಆಫ್ ದಿ ಬ್ಯಾಗ್ಸ್" ಎಂದಮೇಲೆ "ಆರ್" ಅಲ್ಲ, "ಈಸ್" ಎಂಬುದೂ ಇದೇ ನ್ಯಾಯ. ಪ್ರಶ್ನೆ ತೆಗೆಯುವವರು ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಹತ್ತು ಪದ ತುರುಕಿ ಕಣ್ಣಿಗೆ ಮಣ್ಣೆರಚುತ್ತಾರೆ. ನಡುವಿನದನ್ನು ಬೆರಳಿನಿಂದ ಮುಚ್ಚಿ ಓದಿದರೆ ಮುಗಿಯಿತು. "ಸಂತೆಗೆ ಹೋಗುತ್ತ ಚೀಲ ಹರಿಯಿತು" ಎಂದರೆ ಸಂತೆಗೆ ಹೊರಟದ್ದು ಚೀಲವೇ ಎಂದು ನಗುತ್ತೇವಲ್ಲವೆ? ಇಂಗ್ಲೀಷಿನಲ್ಲಿಯೂ ನಗಬೇಕು.

ಆದರೆ ಕನ್ನಡದ ಕಿವಿ ಎಲ್ಲ ಕಡೆಗೂ ಕೈಹಿಡಿಯದು. ನಾವು ಒಂದು ವಿಷಯದ "ಬಗ್ಗೆ" ಚರ್ಚಿಸುತ್ತೇವೆ. ಅದನ್ನೇ ನಂಬಿ "ಡಿಸ್ಕಸ್ ಅಬೌಟ್" ಎಂದು ಬರೆದರೆ ಅಂಕ ಹೋಯಿತು, "ಡಿಸ್ಕಸ್" ಒಂದೇ ಸಾಕು. "ದಿ" ಎಂಬ ಪುಟ್ಟ ಪದಕ್ಕೆ ನಮ್ಮಲ್ಲಿ ಸರಿಜೋಡಿಯಿಲ್ಲ. ಮೊದಲು "ಒಬ್ಬ ಹಮಾಲ", ಮರುಮಾತಿನಲ್ಲಿ "ಆ ಹಮಾಲ" ಎನ್ನುತ್ತೇವಲ್ಲ, ಆ ಭೇದ ಅರ್ಧ ದಾರಿಗೆ ಬೆಳಕು ತೋರೀತು. ಉಳಿದರ್ಧಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ, ಮಾಡಿದ ತಪ್ಪುಗಳನ್ನು ಒಂದು ವಹಿಯಲ್ಲಿ ಜಮಾ-ಖರ್ಚಿನಂತೆ ಬರೆದಿಡಬೇಕು. ಬೇರೆ ಉಪಾಯವಿಲ್ಲ.

ಇಷ್ಟರ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಹೊರದೇಶದ ಬಿಸಿನೆಸ್ ಸ್ಕೂಲುಗಳು ಕೇಳುವ ಜಿಮ್ಯಾಟ್ ಪರೀಕ್ಷೆಯೇ 2023ರ ನವೆಂಬರಿನಲ್ಲಿ ಬಂದ ತನ್ನ ಹೊಸ ರೂಪದಲ್ಲಿ ವಾಕ್ಯ ತಿದ್ದುವ ಪ್ರಶ್ನೆಗಳನ್ನು ಕೈಬಿಟ್ಟಿದೆ. ಇಂಗ್ಲೀಷನ್ನು ಮನೆಮಾತಾಗಿ ಆಡುವ ನಾಡಿನವರೇ ಬದಿಗಿಟ್ಟ ಒರೆಗಲ್ಲಿನ ಮೇಲೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳನ್ನು ಇನ್ನೂ ತಿಕ್ಕುವುದೇಕೆ? ಪ್ರಾಧಿಕಾರ ಉತ್ತರಿಸಲಿ.

ಉತ್ತರ ಬರುವವರೆಗೆ ನಮ್ಮ ಮಕ್ಕಳು ಕಾದು ಕೂರಲಾಗದು. ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಕೋಚಿಂಗಿಗೆ ಸಾವಿರಗಟ್ಟಲೆ ತೆರುವ ಶಕ್ತಿ ಎಷ್ಟು ಮನೆಗಳಿಗಿದೆ? ಸೇಡಂ, ಚಿತ್ತಾಪುರ, ಚಿಂಚೋಳಿಗಳ ಪದವಿ ಕಾಲೇಜುಗಳು ಅಂತಿಮ ವರ್ಷದವರಿಗೆ ಸಂಜೆ ಒಂದು ತಾಸು, ಕನ್ನಡದಲ್ಲಿ ವಿವರಿಸಿ, ಈ ಪಾಠ ನಡೆಸಲಿ. ವಾಡಿ, ಶಹಾಬಾದುಗಳಲ್ಲಿ ಕಾರ್ಮಿಕ ಸಂಘಗಳು ತಮ್ಮ ಕೋಣೆಯ ಬೀಗ ತೆಗೆಯಲಿ. ಕರಿಹಲಗೆ, ಸೀಮೆಸುಣ್ಣಗಳ ಖರ್ಚನ್ನು ಪೇಟೆಯ ವ್ಯಾಪಾರಿಗಳು ಹಂಚಿಕೊಂಡರೆ ಯಾರ ಗಲ್ಲಾಪೆಟ್ಟಿಗೆಯೂ ಬರಿದಾಗುವುದಿಲ್ಲ.