ಪ್ರೇರಕರಿಗೆ ಎಂ.ಎ. ಬೇಕು, ಸಂಬಳವೂ ಬೇಕು

ಘೋಷಣೆ ಮಾಡುವುದರಲ್ಲಿ ಕೇರಳವನ್ನು ಮೀರಿಸುವ ರಾಜ್ಯ ಇನ್ನೊಂದಿಲ್ಲ. 1990ರ ಫೆಬ್ರುವರಿ 4ರಂದು ಎರ್ನಾಕುಲಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯಾಯಿತು. ಅದನ್ನು ಸಾರಲು ಪ್ರಧಾನಿ ವಿ.ಪಿ. ಸಿಂಗ್ ಅವರೇ ಬಂದರು. 1991ರ ಏಪ್ರಿಲ್ 18ರಂದು ಕೋಝಿಕ್ಕೋಡಿನ ಮಾನಾಂಚಿರ ಮೈದಾನದಲ್ಲಿ, ಆಗಷ್ಟೇ ಅಕ್ಷರ ಕಲಿತಿದ್ದ ಮಲಪ್ಪುರಂ ಜಿಲ್ಲೆಯ ಚೇಲಕ್ಕೋಡನ್ ಆಯಿಷಾ ಇಡೀ ರಾಜ್ಯವೇ ಸಾಕ್ಷರವಾಯಿತೆಂದು ಘೋಷಿಸಿದರು. 2025ರ ಆಗಸ್ಟ್ 21ರಂದು ತಿರುವನಂತಪುರದಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರ ಸರದಿ: ಕೇರಳ ಈಗ ಸಂಪೂರ್ಣ ಡಿಜಿಟಲ್ ಸಾಕ್ಷರ. ಇಷ್ಟೆಲ್ಲ ಆದರೂ ಒಂದು ಕೆಲಸ ಮಾತ್ರ ಹಾಗೇ ಉಳಿಯಿತು. ವಯಸ್ಕರಿಗೆ ಕಲಿಸುವುದೂ ಒಂದು ವೃತ್ತಿ, ಅದಕ್ಕೂ ಓದು ಬೇಕು, ಓದಿದವರಿಗೆ ಹುದ್ದೆ ಬೇಕು ಎಂದು ಒಪ್ಪಿಕೊಳ್ಳುವ ಕೆಲಸ.

ಕೇರಳ ರಾಜ್ಯ ಸಾಕ್ಷರತಾ ಮಿಷನ್‌ನ ಕಚೇರಿ ಇರುವುದು ತಿರುವನಂತಪುರದಲ್ಲಿ. ಅದರ ಕೈಕೆಳಗೆ ಊರೂರಿನಲ್ಲಿ ವಯಸ್ಕರಿಗೆ ಕಲಿಸುವ ಪ್ರೇರಕರು 2022ರ ಕೊನೆಯಿಂದ 2023ರವರೆಗೆ ತಿಂಗಳುಗಟ್ಟಲೆ ಧರಣಿ ಕೂತದ್ದೂ ಅದೇ ಊರಿನ ಸೆಕ್ರೆಟೇರಿಯಟ್ ಎದುರು. ಬೇಡಿಕೆಯೇನು ಆಕಾಶದ್ದಲ್ಲ: ಬಾಕಿ ಉಳಿದ ಗೌರವಧನ ಕೊಡಿ, ನಾವು ಯಾವ ಇಲಾಖೆಗೆ ಸೇರಿದವರೆಂದು ತೀರ್ಮಾನಿಸಿ. ಧರಣಿ ನಡೆಯುತ್ತಿದ್ದಾಗಲೇ ಕೊಲ್ಲಂ ಜಿಲ್ಲೆಯ ಪ್ರೇರಕರೊಬ್ಬರು ಪ್ರಾಣ ಕಳೆದುಕೊಂಡರು. ತಿಂಗಳುಗಳಿಂದ ಹಣ ಬಾರದ ಸಂಕಟವೇ ಕಾರಣವೆಂದು ಜೊತೆಗಾರರು ದೂರಿದರು. ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಆಮೇಲೆ ಎಲ್ಲರೂ ಮುಂದಿನ ಘೋಷಣೆಯ ಸಿದ್ಧತೆಗೆ ಹೋದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕೇಬೇಕು.

ಈ ಪ್ರೇರಕರು ಮಾಡುವ ಕೆಲಸ ಎಂಥದೆಂಬುದಕ್ಕೆ ಆಲಪ್ಪುಳ ಜಿಲ್ಲೆಯ ಚೇಪ್ಪಾಡಿನ ಕಾರ್ತ್ಯಾಯನಿ ಅಮ್ಮ ಸಾಕ್ಷಿ. 2018ರ 'ಅಕ್ಷರಲಕ್ಷಂ' ಪರೀಕ್ಷೆಯಲ್ಲಿ, 96ನೇ ವಯಸ್ಸಿನಲ್ಲಿ, ನೂರಕ್ಕೆ 98 ಅಂಕ ತೆಗೆದ ಅಜ್ಜಿ ಅವರು. 2020ರಲ್ಲಿ ರಾಷ್ಟ್ರಪತಿಯವರಿಂದ ನಾರಿಶಕ್ತಿ ಪುರಸ್ಕಾರ ಪಡೆದ ಅವರ ಚಿತ್ರವನ್ನು ದೇಶವೆಲ್ಲ ನೋಡಿತು. ಅಜ್ಜಿಯ ಮನೆಗೆ ಹೋಗಿ, ನಡುಗುವ ಬೆರಳಿಗೆ ಪೆನ್ಸಿಲ್ ಹಿಡಿಸಿ ಕಲಿಸಿದ್ದು ಸಾಕ್ಷರತಾ ಪ್ರೇರಕಿ. ಆಕೆಯನ್ನು ಎಷ್ಟು ಜನ ನೋಡಿದರು? ತೊಂಬತ್ತಾರರ ಮುದುಕಿಗೆ ಕಲಿಸುವುದೂ ಆರರ ಮಗುವಿಗೆ ಕಲಿಸುವುದೂ ಒಂದೇ ಅಲ್ಲ. ಕಣ್ಣು ಮಂಜು, ನೆನಪು ನಿಧಾನ, 'ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ' ಎನ್ನುವ ಸಂಕೋಚ, ಮೊಮ್ಮಕ್ಕಳು ನಕ್ಕಾರೆಂಬ ಹೆದರಿಕೆ. ಮಗುವಿಗೆ ಕಲಿಸುವ ವಿಧಾನದಲ್ಲಿ ಇವಕ್ಕೆ ಉತ್ತರವಿಲ್ಲ. ಹೈಸ್ಕೂಲಿನ ಎಂಟನೇ ತರಗತಿಗೆ ಪಾಠ ಮಾಡಬೇಕೆಂದರೆ ಪದವಿಯ ಮೇಲೆ ಎರಡು ವರ್ಷದ ಬಿ.ಎಡ್. ಬೇಕು. ಐಟಿಐಯಲ್ಲಿ ಹದಿನೇಳರ ಹುಡುಗನಿಗೆ ಫಿಟ್ಟರ್ ಕೆಲಸ ಹೇಳಿಕೊಡುವವರಿಗೂ ಒಂದು ವರ್ಷದ ಬೋಧಕ ತರಬೇತಿಯ ಕೋರ್ಸನ್ನು ಸರ್ಕಾರವೇ ಇಟ್ಟಿದೆ. ಆದರೆ ನಲವತ್ತೈದರ ಮೀನುಗಾರನಿಗೆ, ಐವತ್ತರ ಗೇರುಬೀಜದ ಕಾರ್ಖಾನೆಯ ಹೆಂಗಸಿಗೆ ಕಲಿಸಲು ಒಳ್ಳೆಯ ಮನಸ್ಸೊಂದಿದ್ದರೆ ಸಾಕಂತೆ!

ವಯಸ್ಕರಿಗೆ ಕಲಿಸುವವರಿಗೆ ವಯಸ್ಕರ ಶಿಕ್ಷಣದ ಎಂ.ಎ. ಬೇಕು, ಸಂಬಳದ ಹುದ್ದೆಯೂ ಬೇಕು ಎಂಬ ನನ್ನ ವಾದಕ್ಕೆ ಎದುರು ನಿಲ್ಲುವವರು ಸಾಮಾನ್ಯರಲ್ಲ. ಎರ್ನಾಕುಲಂ ಆಂದೋಲನವನ್ನು ಮುನ್ನಡೆಸಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಹಳಬರು ಮತ್ತು ಅವರ ದಾರಿಯನ್ನು ಮೆಚ್ಚುವ ನಮ್ಮ ಜ್ಞಾನ ವಿಜ್ಞಾನ ಸಮಿತಿಯ ಗೆಳೆಯರು ಕೇಳುವ ಪ್ರಶ್ನೆ ಇದು: 1989ರಲ್ಲಿ ಎರ್ನಾಕುಲಂನಲ್ಲಿ ಕಲಿಸಿದ ಸುಮಾರು ಇಪ್ಪತ್ತು ಸಾವಿರ ಜನರ ಹತ್ತಿರ ಯಾವ ಎಂ.ಎ. ಇತ್ತು? ಗೃಹಿಣಿಯರು, ವಿದ್ಯಾರ್ಥಿಗಳು, ಕೆಲಸವಿಲ್ಲದ ಪದವೀಧರರು ಸೇರಿ ಮಾಡಿದ ಜನಾಂದೋಲನ ಅದು. ಪದವಿ, ಹುದ್ದೆ, ವೇತನಶ್ರೇಣಿ ಎಂದರೆ ಆಂದೋಲನ ಸತ್ತು ಇಲಾಖೆ ಹುಟ್ಟುತ್ತದೆ.

ಮಾತಿನಲ್ಲಿ ತೂಕವಿದೆ. ಆದರೆ ಎರ್ನಾಕುಲಂನ ಕಥೆಯನ್ನು ಇವರು ಅರ್ಧ ಮಾತ್ರ ಹೇಳುತ್ತಾರೆ. ಆ ಸ್ವಯಂಸೇವಕರ ಹಿಂದೆ ಹಂತಹಂತವಾಗಿ ತರಬೇತಿ ಪಡೆದ ಸಂಪನ್ಮೂಲ ವ್ಯಕ್ತಿಗಳ ಪಡೆಯಿತ್ತು. ಜಿಲ್ಲಾಧಿಕಾರಿ ಕೆ.ಆರ್. ರಾಜನ್ ಅವರ ಆಡಳಿತವಿತ್ತು, ಪರಿಣತರು ಕೂತು ಬರೆದ ಪಠ್ಯವಿತ್ತು. ಕಲಿಯುವವರಲ್ಲಿ ಬಹಳ ಮಂದಿಗೆ ಅಕ್ಷರ ಬಾರದಿರುವುದಕ್ಕಿಂತ ಮೊದಲು ಅಕ್ಷರ ಕಾಣುವುದೇ ಇಲ್ಲ ಎಂಬುದನ್ನು ಗುರುತಿಸಿ, ಕಣ್ಣಿನ ಶಿಬಿರ ನಡೆಸಿ, ಮನೆಮನೆಯಿಂದ ಹಳೆಯ ಕನ್ನಡಕ ಕೂಡಿಸಿ ಹಂಚಿದ್ದು ಅದೇ ಆಂದೋಲನ. ವಯಸ್ಕರ ಶಿಕ್ಷಣದ ಶಾಸ್ತ್ರ ಎಂದರೆ ಇದೇ. ಅಂದು ಅದನ್ನು ಬಲ್ಲವರಿದ್ದರು, ಆದ್ದರಿಂದ ಗೆದ್ದರು. ಅವರು ಕಂಡುಕೊಂಡದ್ದನ್ನು ಮುಂದಿನ ತಲೆಮಾರಿಗೆ ದಾಟಿಸುವ ತರಗತಿಯೊಂದನ್ನು ವಿಶ್ವವಿದ್ಯಾಲಯದಲ್ಲಿ ತೆರೆಯಬೇಕಿತ್ತು. ತೆರೆಯಲಿಲ್ಲ.

ಆಂದೋಲನ ವರ್ಷದ್ದು, ಕಲಿಕೆ ಆಯುಷ್ಯದ್ದು. ಒಂದು ವರ್ಷದ ಹುಮ್ಮಸ್ಸನ್ನು ಬಿಟ್ಟಿಯಾಗಿ ಕೇಳಬಹುದು. ಇಪ್ಪತ್ತು ವರ್ಷದ ದುಡಿಮೆಯನ್ನು ಬಿಟ್ಟಿಯಾಗಿ ಕೇಳುವುದಕ್ಕೆ ನಮ್ಮ ಹಳ್ಳಿಗಳಲ್ಲಿ ಬೇರೆ ಹೆಸರಿದೆ. 'ಸಂಪೂರ್ಣ ಸಾಕ್ಷರತೆ' ಸಾರಿದ ಇಪ್ಪತ್ತು ವರ್ಷದ ಬಳಿಕ, 2011ರ ಜನಗಣತಿಯಲ್ಲಿ ಕೇರಳದ ಸಾಕ್ಷರತೆ ಶೇ. 94. ದೇಶಕ್ಕೇ ಮೊದಲು, ಅನುಮಾನವಿಲ್ಲ. ಆದರೂ ಅಕ್ಷರ ಬಾರದವರು 18 ಲಕ್ಷದಷ್ಟಿದ್ದರು. 2025ರಲ್ಲಿ ಮುಗಿದ ಡಿಜಿಟಲ್ ಅಭಿಯಾನದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರು ಸುಮಾರು 22 ಲಕ್ಷ ಜನರಿಗೆ ಮೊಬೈಲ್ ಬಳಕೆ ಕಲಿಸಿದರು; ತೇರ್ಗಡೆ ಶೇ. 99ನ್ನೂ ಮೀರಿತು. ಇಂಥ ಫಲಿತಾಂಶ ಬಂದರೆ ಅನುಭವಿ ಮೇಷ್ಟರು ಮೊದಲು ಪ್ರಶ್ನೆಪತ್ರಿಕೆಯನ್ನು ತಿರುಗಿಸಿ ನೋಡುತ್ತಾರೆ. ಕಲಿತ ಅಜ್ಜ ಆರು ತಿಂಗಳ ನಂತರ ಒಟಿಪಿಯನ್ನು ಮೋಸಗಾರರಿಗೆ ಹೇಳದೆ ಉಳಿಸಿಕೊಳ್ಳುತ್ತಾನೆಯೇ ಎಂದು ಅಳೆಯಲು ಅಳತೆ ಗೊತ್ತಿದ್ದವರು ಬೇಕು.

ಈಗ ಕೊಚ್ಚಿಯ ಕಡೆಗೆ ಬರೋಣ. ಇಲ್ಲಿ ಜಗಳ ಇನ್ನೊಂದು ಬಗೆಯದು, ಕೆಲಸದ ಜಾಗದ ತರಬೇತಿಯದು. ತಿರುವನಂತಪುರದ ಟೆಕ್ನೋಪಾರ್ಕ್ 1990ರದು, ಕೊಚ್ಚಿಯ ಇನ್ಫೋಪಾರ್ಕ್ 2004ರದು. ಹಡಗುಕಟ್ಟೆಯಿದೆ, ಬಂದರಿದೆ, ಅನತಿ ದೂರದ ಪೆರುಂಬಾವೂರಿನಲ್ಲಿ ಪ್ಲೈವುಡ್ ಕಾರ್ಖಾನೆಗಳ ಸಾಲೇ ಇದೆ. ಇಲ್ಲೆಲ್ಲ ಬೆಳೆದ ಗಂಡಸರು ಹೆಂಗಸರು ದಿನವೂ ಏನಾದರೂ ಹೊಸತನ್ನು ಕಲಿಯಲೇಬೇಕು. ಕಲಿಸುವವರು ಯಾರು? ಎಂಬಿಎಯಲ್ಲಿ ಮಾನವ ಸಂಪನ್ಮೂಲ ಓದಿದವರಿಗೆ ತರಬೇತಿ ಎಂಬುದು ಒಂದೆರಡು ಪತ್ರಿಕೆಗಳ ವಿಷಯ. ಇಲ್ಲವೇ 'ಇಪ್ಪತ್ತು ವರ್ಷ ವೆಲ್ಡಿಂಗ್ ಮಾಡಿದ್ದಾನೆ, ಅವನೇ ಹೇಳಿಕೊಡಲಿ' ಎಂಬ ನಂಬಿಕೆ. ಕೆಲಸ ಬಲ್ಲವನಿಗೆಲ್ಲ ಕಲಿಸಲು ಬರುವಂತಿದ್ದರೆ ಒಳ್ಳೆಯ ಬ್ಯಾಟುಗಾರರೆಲ್ಲ ಒಳ್ಳೆಯ ಕೋಚ್ ಆಗಬೇಕಿತ್ತು.

ಪೆರುಂಬಾವೂರನ್ನೇ ನೋಡಿ. ತಿರುವನಂತಪುರದ ಗುಲಾಟಿ ಹಣಕಾಸು ಮತ್ತು ತೆರಿಗೆ ಸಂಸ್ಥೆ 2013ರಲ್ಲಿ ಅಂದಾಜು ಮಾಡಿದಂತೆ ಕೇರಳದಲ್ಲಿದ್ದ ಹೊರರಾಜ್ಯದ ಕಾರ್ಮಿಕರು 25 ಲಕ್ಷ. ಒಡಿಶಾದಿಂದ, ಅಸ್ಸಾಮಿನಿಂದ, ಬಂಗಾಳದಿಂದ ಬಂದ ಹುಡುಗ ಗರಗಸದ ಮುಂದೆ ನಿಂತಿದ್ದಾನೆ. ಅವನಿಗೆ ಮೊದಲು ಬೇಕಾದದ್ದು ಸುರಕ್ಷತೆಯ ಪಾಠವೇ, ಮಲಯಾಳವೇ, ಕೂಲಿಯ ಲೆಕ್ಕವೇ? ಮೂರೂ ಒಟ್ಟಿಗೆ ಬೇಕು. ಸಾಕ್ಷರತಾ ಮಿಷನ್ 2017ರಲ್ಲಿ ಇಲ್ಲಿಂದಲೇ 'ಚಙ್ಙಾತಿ' ಯೋಜನೆ ಶುರುಮಾಡಿ 'ಹಮಾರಿ ಮಲಯಾಳಂ' ಎಂಬ ಪುಸ್ತಕದಿಂದ ಭಾಷೆ ಕಲಿಸಿತು. ಒಳ್ಳೆಯ ಕೆಲಸ, ಮನಸಾರೆ ಹೊಗಳುತ್ತೇನೆ. ಆದರೆ ಭಾಷೆಯ ಪಾಠ ಒಂದು ಇಲಾಖೆಯದು, ಗರಗಸದ ಪಾಠ ಕಾರ್ಖಾನೆಯ ಮಾಲೀಕನದು, ಕೌಶಲದ ಪ್ರಮಾಣಪತ್ರ ಇನ್ನೊಂದು ಇಲಾಖೆಯದು. ಹುಡುಗ ಮಾತ್ರ ಒಬ್ಬನೇ.

ಇವನ್ನು ಒಂದುಗೂಡಿಸುವ ಬುದ್ಧಿ ನಮ್ಮ ದೇಶಕ್ಕೆ ಇರಲಿಲ್ಲವೆಂದಲ್ಲ. 1967ರಲ್ಲೇ ಮುಂಬೈಯಲ್ಲಿ ಶ್ರಮಿಕ ವಿದ್ಯಾಪೀಠ ಹುಟ್ಟಿದ್ದು ಕಾರ್ಮಿಕನಿಗೆ ಅಕ್ಷರ, ಕಸುಬು, ನಾಗರಿಕ ತಿಳಿವಳಿಕೆ ಮೂರನ್ನೂ ಒಂದೇ ಸೂರಿನಡಿ ಕೊಡಲು. ಮುಂದೆ ಅದೇ ಜನ ಶಿಕ್ಷಣ ಸಂಸ್ಥಾನವೆಂದು ದೇಶವೆಲ್ಲ ಹರಡಿತು. 2018ರಲ್ಲಿ ಅದನ್ನು ಶಿಕ್ಷಣದ ಸಚಿವಾಲಯದಿಂದ ಕಿತ್ತು ಕೌಶಲ ಸಚಿವಾಲಯಕ್ಕೆ ಕೊಟ್ಟರು. ಅಕ್ಷರ ಒಂದು ಮನೆಯಲ್ಲಿ, ಕಸುಬು ಇನ್ನೊಂದು ಮನೆಯಲ್ಲಿ. ಕೇಂದ್ರದ 2022–27ರ ಹೊಸ ಸಾಕ್ಷರತಾ ಕಾರ್ಯಕ್ರಮ 'ಉಲ್ಲಾಸ್' ಅಂತೂ ಬೋಧಕನಿಗೆ ಬಿಡಿಗಾಸನ್ನೂ ಕೊಡದೆ, ಕರ್ತವ್ಯಬೋಧದ ಹೆಸರಿನಲ್ಲಿ ಸ್ವಯಂಸೇವಕರ ಮೇಲೆಯೇ ನಿಂತಿದೆ. ಬಲಪಂಥದ ಕೇಂದ್ರವೂ ಎಡಪಂಥದ ರಾಜ್ಯವೂ ಒಂದಾದ ಅಪರೂಪದ ವಿಷಯ ಇದು: ಬಡವರಿಗೆ ಕಲಿಸುವವರಿಗೆ ಸಂಬಳ ಕೊಡಬೇಕಿಲ್ಲ.

ವಿಶ್ವವಿದ್ಯಾಲಯಗಳು ಏನು ಮಾಡುತ್ತಿವೆ? ತಿರುವನಂತಪುರದ ಕೇರಳ ವಿಶ್ವವಿದ್ಯಾಲಯದಲ್ಲಿ ವಯಸ್ಕರ ಮುಂದುವರಿಕೆ ಶಿಕ್ಷಣ ಮತ್ತು ವಿಸ್ತರಣೆಗೆ ಒಂದು ಕೇಂದ್ರವೇ ಇದೆ. ಜನ ಅದನ್ನು ಬಲ್ಲದ್ದು ಗ್ರಂಥಾಲಯ ವಿಜ್ಞಾನದಂಥ ಸರ್ಟಿಫಿಕೇಟ್ ಕೋರ್ಸುಗಳಿಗಾಗಿ. ಕೋರ್ಸುಗಳ ಮೇಲೆ ನನ್ನ ತಕರಾರಿಲ್ಲ, ಶುಲ್ಕವಿಲ್ಲದೆ ಕೇಂದ್ರ ನಡೆಯುವುದಿಲ್ಲ. ಆದರೆ ಕಲಿಸುವವರನ್ನು ತಯಾರಿಸಬೇಕಾದ ಜಾಗ ಪ್ರಮಾಣಪತ್ರ ಹಂಚುವ ಜಾಗವಾದರೆ ಹೇಗೆ? ದೆಹಲಿ ಮತ್ತು ತಿರುಪತಿಯ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯಕ್ಕೆ ಪೂರ್ಣ ವಿಭಾಗಗಳಿವೆ. ಇಗ್ನೋ ದೂರಶಿಕ್ಷಣದಲ್ಲಿ ವಯಸ್ಕರ ಶಿಕ್ಷಣದ ಎಂ.ಎ. ರೂಪಿಸಿದೆ, ಅದರ ಪ್ರಾದೇಶಿಕ ಕೇಂದ್ರಗಳು ಕೊಚ್ಚಿಯಲ್ಲೂ ಇವೆ, ತಿರುವನಂತಪುರದಲ್ಲೂ ಇವೆ. ಓದಿ ಮುಗಿಸಿದವರು ಆ ಪದವಿಯನ್ನು ಯಾರಿಗೆ ತೋರಿಸಬೇಕು? ಹುದ್ದೆಯೇ ಇಲ್ಲದ ಪದವಿಗೆ ವಿದ್ಯಾರ್ಥಿ ಬರುವುದಿಲ್ಲ, ವಿದ್ಯಾರ್ಥಿ ಬಾರದ ವಿಭಾಗಕ್ಕೆ ಅನುದಾನ ಬರುವುದಿಲ್ಲ, ಕೊನೆಗೆ 'ಬೇಡಿಕೆ ಇಲ್ಲ' ಎಂಬ ಟಿಪ್ಪಣಿ ಬರೆದು ಬಾಗಿಲು ಹಾಕುವುದು.

ಕೇರಳವನ್ನು ನೋಡಿ ನಗುವ ಸ್ಥಿತಿಯಲ್ಲಿ ನಾವು ಕನ್ನಡಿಗರೂ ಇಲ್ಲ. ಎರ್ನಾಕುಲಂ ಮಾದರಿ ದಕ್ಷಿಣ ಕನ್ನಡಕ್ಕೆ, ವಿಜಯಪುರಕ್ಕೆ ಬಂದಾಗ ನಾವೂ ಕಲಾಜಾಥಾ ಕಟ್ಟಿ ಕುಣಿದವರೇ. ಸಾಕ್ಷರ ಭಾರತ ಯೋಜನೆಯಲ್ಲಿ ನಮ್ಮ ಗ್ರಾಮ ಪಂಚಾಯತಿಗಳ ಪ್ರೇರಕರಿಗೆ ಸಿಗುತ್ತಿದ್ದದ್ದು ತಿಂಗಳಿಗೆ 2,000 ರೂಪಾಯಿ. 2018ರ ಮಾರ್ಚ್‌ನಲ್ಲಿ ಯೋಜನೆ ಮುಗಿಯಿತು, ಅವರ ಕೆಲಸವೂ ಮುಗಿಯಿತು. 2011ರ ಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇ. 75.36. ಕಾಸರಗೋಡಿನ ಕನ್ನಡಿಗರಿಗಾದರೂ ಕೇರಳದ ಮಿಷನ್ ಹತ್ತನೇ ತರಗತಿ ತತ್ಸಮಾನ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಲು ಅವಕಾಶ ಕೊಟ್ಟಿದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಎಂ.ಎ. ಬೇಕೆಂದೊಡನೆ, ಅದಿಲ್ಲದ ಈಗಿನ ಪ್ರೇರಕರನ್ನು ಮನೆಗೆ ಕಳಿಸುವ ನೆಪ ಸರ್ಕಾರಕ್ಕೆ ಸಿಗಬಾರದು. ಇಪ್ಪತ್ತು ವರ್ಷ ಕಲಿಸಿದವರ ಅನುಭವವನ್ನೇ ಓದಿನ ಒಂದು ಭಾಗವೆಂದು ಲೆಕ್ಕ ಹಿಡಿದು, ಪದವಿ ಇಲ್ಲದವರಿಗೆ ಮೊದಲು ಪದವಿಯ ದಾರಿ ತೆರೆದು, ಶುಲ್ಕವನ್ನು ರಾಜ್ಯವೇ ಕಟ್ಟಿ, ಓದುವಾಗಲೂ ಸಂಬಳ ಕೊಡಲಿ. ಪಾಠದ ಅರ್ಧ ಪೆರುಂಬಾವೂರಿನ ಕಾರ್ಖಾನೆಗಳಲ್ಲಿ, ಕೊಚ್ಚಿಯ ಹಡಗುಕಟ್ಟೆಯಲ್ಲಿ, ತಿರುವನಂತಪುರದ ಮೀನುಗಾರರ ಕೇರಿಗಳಲ್ಲಿ ನಡೆಯಲಿ. ತರಬೇತಿಗೆಂದು ಸರ್ಕಾರದ ಹಣ ಪಡೆಯುವ ಪ್ರತಿ ಕಂಪನಿಯೂ ಹೀಗೆ ಓದಿದ ಒಬ್ಬರನ್ನಾದರೂ ಖಾಯಂ ಆಗಿ ನೇಮಿಸಲಿ. ಕೇರಳ ವಿಶ್ವವಿದ್ಯಾಲಯವೂ ಕಳಮಶ್ಶೇರಿಯ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯವೂ (ಕುಸಾಟ್) ಮುಂದಿನ ಪ್ರವೇಶ ಪ್ರಕಟಣೆಯಲ್ಲಿ ಈ ಎಂ.ಎ. ಸೇರಿಸಲಿ, ಮೊದಲ ತಂಡದ ಅರ್ಧದಷ್ಟು ಸೀಟುಗಳನ್ನು ಸೆಕ್ರೆಟೇರಿಯಟ್ ಎದುರು ಧರಣಿ ಕೂತ ಪ್ರೇರಕರಿಗೆ ಮೀಸಲಿಡಲಿ.